ಅವ್ವನ ಪತ್ತಲ, ಮಗಳ ಫ್ರಾಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಮನೆಯ ತಾಯಿ, ಮಗಳು ಇಬ್ಬರೂ ಹೋಗುವ ವಯಸ್ಸಲ್ಲದ ವಯಸ್ಸಿನಲ್ಲಿ ಹೋಗಿದ್ದಾರೆ. ಅವರ ನೆನಪಿಗೆ ಏನಾದರೂ ಮಾಡಬೇಕು, ಹೇಗೆ ಮಾಡಬೇಕು ಎಂದು ಉಳಿದವರು ಕೇಳಿದ್ದಾರೆ. ಫೋಟೊ ಕೆಲಸದವರು, ಕೌದಿ ಹೊಲಿಯುವವರು, ಕಲ್ಲು ಕೆತ್ತುವವರು, ಶಾಲೆಗಳ ದತ್ತಿ ಲೆಕ್ಕ ನೋಡುವವರು ಸೇರಿ ಉತ್ತರ ಬರೆದಿದ್ದಾರೆ. ಪತ್ರ ಬಂದ ಕ್ರಮವನ್ನು ಬಿಟ್ಟು, ಬೇಗ ಕೆಡುವ ವಸ್ತು ಮೊದಲು, ತಡೆದರೂ ನಡೆಯುವ ಕೆಲಸ ಕೊನೆಗೆ ಇಟ್ಟಿದ್ದೇವೆ. ಬಹಳ ಮನೆಗಳಲ್ಲಿ ಇದು ತಿರುವುಮುರುವು. ದಿನಕರ್ಮ ಮುಗಿಯುವುದರೊಳಗೆ ಕಲ್ಲಿಗೆ ಮುಂಗಡ ಕೊಟ್ಟಿರುತ್ತಾರೆ, ಫೋನು ಮಾತ್ರ ಕಪಾಟಿನಲ್ಲಿ ಸತ್ತು ಬಿದ್ದಿರುತ್ತದೆ.

ಪ್ರಶ್ನೆ: ನಮ್ಮ ಅಕ್ಕ, ಆಕಿ ಹತ್ತು ವರ್ಷದ ಮಗಳು ಇಬ್ಬರೂ ಹೋಗಿ ನಾಲ್ಕು ತಿಂಗಳಾತು. ಅಕ್ಕನ ಫೋನಿನ್ಯಾಗ ಇಬ್ಬರ ಧ್ವನಿನೂ ಐತಿ. ಅವತ್ತಿನಿಂದ ರಿಚಾರ್ಜ್ ಮಾಡಿಲ್ಲ, ಚಾರ್ಜೂ ಹಚ್ಚಿಲ್ಲ. ಮಾವಾರು ಫೋನ್ ಮುಟ್ಟಾಕ ಒಲ್ಲೆ ಅಂತಾರ. ಹಂಗ ಇಟ್ರ ನಡೀತದೇನ್ರಿ?
— ಓದುಗರು, ಜಮಖಂಡಿ

ಉತ್ತರ: ನಡೆಯುವುದಿಲ್ಲ. ಈ ವಾರವೇ ಕೈ ಹಾಕಿ. ಬ್ಯಾಟರಿ ಪೂರ್ತಿ ಇಳಿದು ತಿಂಗಳುಗಟ್ಟಲೆ ಕುಳಿತರೆ ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು, ಉಬ್ಬಲೂಬಹುದು. ಫೋನಿನ ಬೆನ್ನು ಮೇಲೆದ್ದಿದ್ದರೆ ಚಾರ್ಜರ್ ಹಚ್ಚಬೇಡಿ. ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿಕೊಂಡು, 'ಒಳಗಿನದು ಏನೂ ಅಳಿಸಬೇಡ್ರಿ' ಎಂದು ಹೇಳಿ, ಅವರೆದುರಿಗೇ ಕುಳಿತು ಮಾಡಿಸಿ. ಬೆನ್ನು ಸರಿಯಿದ್ದರೆ ಅರ್ಧದಷ್ಟು ಚಾರ್ಜ್ ಮಾಡಿ ಆನ್ ಮಾಡಿ.

ಇನ್ನು ಸಿಮ್. ಕರೆ, ಮೆಸೇಜು, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದರೆ ನಂಬರ್ ಕಡಿತವಾಗುವ ಹಂತಕ್ಕೆ ಬರುತ್ತದೆ. ಆಮೇಲೆ ಅದೇ ನಂಬರ್ ಬೇರೆ ಯಾರಿಗೋ ಸಿಗುತ್ತದೆ. ನಿಮ್ಮದು ನಾಲ್ಕು ತಿಂಗಳು ದಾಟಿದೆ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಹಿಡಿದು ಕಂಪನಿಯ ಅಂಗಡಿಗೆ ಹೋಗಿ, ನಂಬರ್ ಇನ್ನೂ ಉಳಿದಿದ್ದರೆ ಮನೆಯವರ ಹೆಸರಿಗೆ ಮಾಡಿಕೊಡಲು ಕೇಳಿ. ವಾಟ್ಸಾಪ್ ಕೂಡ ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ತೆಗೆದುಹಾಕುತ್ತದೆ. ಆದರೆ ಫೋನಿನ ಒಳಗೆ ಇಳಿದಿರುವ ಧ್ವನಿ, ಫೋಟೊ ಆ್ಯಪ್ ತೆಗೆಯುವ ತನಕ ಅಲ್ಲೇ ಇರುತ್ತವೆ. ಆದ್ದರಿಂದ ಆ್ಯಪ್ ಅಳಿಸಬೇಡಿ, ಹೊಸದಾಗಿ ಹಾಕಬೇಡಿ, ಮತ್ತೆ ನೋಂದಾಯಿಸಲು ಹೋಗಬೇಡಿ. ಮೊದಲು ಕಾಪಿ.

ಆಂಡ್ರಾಯ್ಡ್ ಫೋನಾದರೆ ಕೇಬಲ್ ಹಚ್ಚಿ ಕಂಪ್ಯೂಟರಿನಲ್ಲಿ ತೆರೆಯಿರಿ. 'ಆಂಡ್ರಾಯ್ಡ್' ಫೋಲ್ಡರಿನೊಳಗೆ 'ಮೀಡಿಯಾ', ಅದರೊಳಗೆ 'ಕಾಮ್.ವಾಟ್ಸಾಪ್', ಅದರೊಳಗೆ 'ವಾಟ್ಸಾಪ್', ಅದರೊಳಗೆ ಮತ್ತೊಂದು 'ಮೀಡಿಯಾ', ಅಲ್ಲಿ 'ವಾಟ್ಸಾಪ್ ವಾಯ್ಸ್ ನೋಟ್ಸ್'. ಒಂದೊಂದು ವಾರಕ್ಕೆ ಒಂದೊಂದು ಸಣ್ಣ ಫೋಲ್ಡರ್ ಇರುತ್ತದೆ. ಫೈಲುಗಳ ಹೆಸರು 'ಪಿಟಿಟಿ' ಎಂದು ಶುರುವಾಗಿ ಮುಂದೆ ತಾರೀಖು ಇರುತ್ತದೆ, ಕೊನೆಗೆ 'ಓಪಸ್'. ಇಡೀ 'ಮೀಡಿಯಾ' ಫೋಲ್ಡರನ್ನೇ ಎತ್ತಿ ಹಾಕಿಕೊಳ್ಳಿ, ಆರಿಸುತ್ತ ಕೂಡಬೇಡಿ. ಕ್ಯಾಮೆರಾ ಫೋಲ್ಡರ್, ಕರೆ ರೆಕಾರ್ಡಿಂಗ್ ಫೋಲ್ಡರ್ ಮರೆಯಬೇಡಿ. ಮಗುವಿನ ಧ್ವನಿ ಹೆಚ್ಚಾಗಿ ವಿಡಿಯೊಗಳಲ್ಲೇ ಸಿಗುತ್ತದೆ, ಅದೂ ಬೇರೆ ಯಾರನ್ನೋ ತೆಗೆಯುತ್ತಿದ್ದಾಗ ಹಿಂದಿನಿಂದ ಕೂಗಿದ್ದು.

ಕಾಪಿ ಮೂರು ಕಡೆ ಇರಲಿ: ಒಂದು ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್, ಒಂದು ಬೇರೆ ಮನೆಯಲ್ಲಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ವರ್ಷಗಟ್ಟಲೆ ಡ್ರಾದಲ್ಲಿ ಬಿದ್ದರೆ ಅದೂ ಬಾಯಿ ಬಿಡುವುದಿಲ್ಲ. ಫೋನಿನ ಲಾಕ್ ಗೊತ್ತಿಲ್ಲದಿದ್ದರೆ ಊಹೆಯಲ್ಲಿ ಒತ್ತುತ್ತ ಹೋಗಬೇಡಿ, 'ರಿಸೆಟ್ ಮಾಡಿ ಕೊಡ್ತೀನ್ರಿ' ಎನ್ನುವ ಅಂಗಡಿಯವರ ಕೈಗೂ ಕೊಡಬೇಡಿ, ರಿಸೆಟ್ ಎಂದರೆ ಎಲ್ಲ ಅಳಿಸುವುದು. ಆಕೆ ಕಳಿಸಿದ ವಾಯ್ಸ್ ಮೆಸೇಜುಗಳು ತವರಿನವರ, ಗೆಳತಿಯರ ಫೋನುಗಳಲ್ಲೂ ಇರುತ್ತವೆ. ಅವರು ಜಾಗ ಖಾಲಿ ಮಾಡುವ ಮೊದಲು ಕೇಳಿ ಪಡೆಯಿರಿ.

ನಿಮ್ಮ ಮಾವನವರಿಗೆ ಒಂದು ಮಾತು ಹೇಳಿ. ಕಾಪಿ ಮಾಡಲು ಧ್ವನಿ ಕೇಳಲೇಬೇಕೆಂದಿಲ್ಲ, ಅವರು ಮುಂದೆ ಕೂಡಬೇಕೆಂದೂ ಇಲ್ಲ. ಕೇಳುವುದು ಯಾವಾಗ ಎಂಬುದು ಅವರಿಗೆ ಬಿಟ್ಟದ್ದು.

ಪ್ರಶ್ನೆ: ತಾಯಿ, ಮಗಳು ಒಟ್ಟಿಗಿರುವ ಒಂದು ಒಳ್ಳೆಯ ಫೋಟೊ ಇಲ್ಲ. ತಾಯಿಯದು ಪಾಸ್‌ಪೋರ್ಟ್ ಅಳತೆಯದು, ಮಗಳದು ವಾಟ್ಸಾಪ್‌ನಲ್ಲಿ ಬಂದದ್ದು. ಇಬ್ಬರನ್ನೂ ಜೋಡಿಸಿ 12x18 ಇಂಚಿನದು ಮಾಡಿಸಬಹುದೇ?
— ಓದುಗರು, ಗೋಕಾಕ

ಉತ್ತರ: ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಲೆಕ್ಕ ನೋಡಿ. ಪಾಸ್‌ಪೋರ್ಟ್ ಫೋಟೊ 35x45 ಮಿಲಿಮೀಟರ್. 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸುಮಾರು 1650x2125 ಪಿಕ್ಸೆಲ್ ಸಿಗುತ್ತದೆ. ಇಂಚಿಗೆ 300ರಂತೆ ಮುದ್ರಿಸಿದರೆ ಐದೂವರೆ x ಏಳು ಇಂಚು ಚೆನ್ನಾಗಿ ಬರುತ್ತದೆ. ಅದನ್ನೇ 18 ಇಂಚಿಗೆ ಎಳೆದರೆ ಇಂಚಿಗೆ 120 ಪಿಕ್ಸೆಲ್ ಕೂಡ ಉಳಿಯುವುದಿಲ್ಲ, ಮುಖ ಹಿಟ್ಟು ಹಚ್ಚಿದಂತೆ ಕಾಣುತ್ತದೆ. ಆಗ ಸ್ಟುಡಿಯೊದವರು ಎಐ ಹಾಕಿ 'ಕ್ಲಿಯರ್' ಮಾಡುತ್ತಾರೆ. ಅದು ಇಲ್ಲದ ರೆಪ್ಪೆ, ಇಲ್ಲದ ಹಲ್ಲು, ಇಲ್ಲದ ಕಣ್ಣ ಹೊಳಪನ್ನು ತಾನೇ ಬರೆಯುತ್ತದೆ. ಫೋಟೊ ಚೆಂದ ಬರುತ್ತದೆ, ಆದರೆ 'ಇದು ನಮ್ಮವ್ವ ಅಲ್ಲ' ಎಂದು ಮನೆಯವರಿಗೆ ಅನ್ನಿಸುತ್ತಲೇ ಇರುತ್ತದೆ. ಏಕೆ ಎಂದು ಹೇಳಲು ಬರುವುದಿಲ್ಲ.

ಇಬ್ಬರನ್ನೂ ಒಂದೇ ಚಿತ್ರದಲ್ಲಿ ಕೂಡಿಸುವುದರಲ್ಲಿ ಇನ್ನೊಂದು ತೊಡಕು ಬೆಳಕಿನದು. ಒಬ್ಬರಿಗೆ ಸ್ಟುಡಿಯೊ ಬೆಳಕು ಎದುರಿನಿಂದ, ಇನ್ನೊಬ್ಬರಿಗೆ ಅಂಗಳದ ಬಿಸಿಲು ಬಲದಿಂದ. ಮೂಗಿನ ನೆರಳು ಬೇರೆ ಬೇರೆ ಕಡೆ ಬಿದ್ದರೆ ಎಷ್ಟು ತಿದ್ದಿದರೂ ಅಂಟಿಸಿದ್ದು ಗೊತ್ತಾಗುತ್ತದೆ. ನಮ್ಮ ಸಲಹೆ: ಒಂದೇ ಫ್ರೇಮು, ಒಂದೇ ರಟ್ಟಿನ ಮೌಂಟು, ಅದರಲ್ಲಿ 5x7ರ ಎರಡು ಕಿಂಡಿ. ಎರಡರಲ್ಲೂ ಮುಖದ ಅಳತೆ ಒಂದೇ ಬರುವಂತೆ ಕತ್ತರಿಸಲು ಹೇಳಿ. ಮಗುವಿನ ಮುಖ ತಾಯಿಯದಕ್ಕಿಂತ ದೊಡ್ಡದಾದರೆ ಕಣ್ಣಿಗೆ ಒಗ್ಗುವುದಿಲ್ಲ. ಬಣ್ಣಗಳು ಹೊಂದದಿದ್ದರೆ ಎರಡನ್ನೂ ಕಪ್ಪುಬಿಳುಪು ಮಾಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ. ತೆಗೆದವರ ಫೋನಿನಿಂದ ಮೂಲವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.

ರಾಮದುರ್ಗದ ಓದುಗರೊಬ್ಬರ ಹಳೆಯ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆಯಂತೆ. ಕೀಳಬೇಡಿ, ನೀರು ತಾಗಿಸಬೇಡಿ. ಮುಖದ ಪದರವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಫೋಟೊ ಗಾಜಿಗೆ ತಾಗಿ ಕುಳಿತಿದ್ದು, ತೇವ ಸೇರಿದ್ದು ಇದಕ್ಕೆ ಕಾರಣ. ಮೌಂಟು ಇದ್ದರೆ ನಡುವೆ ಎರಡು ಮಿಲಿಮೀಟರ್ ಗಾಳಿ ಇರುತ್ತದೆ. ಬೆಳಗಾವಿ, ಖಾನಾಪುರ ಕಡೆಯ ಮಳೆಗೆ ಗೋಡೆ ಬೆವರುವ ಮನೆಯಾದರೆ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬೂಚಿನ ತುಂಡು ಅಂಟಿಸಿ. ಹೂವಿನ ಹಾರವನ್ನು ಸಂಜೆಗೆ ತೆಗೆಯಿರಿ. ಹಾರದ ನೀರು ಇಳಿದು ಫ್ರೇಮಿನ ಕೆಳಗಂಚಿನಿಂದ ಒಳಗೆ ಹೋಗುತ್ತದೆ, ಬಹಳ ಫೋಟೊಗಳು ಕೆಡುವುದು ಅಲ್ಲಿಂದಲೇ.

ಪ್ರಶ್ನೆ: ಅವ್ವನ ಹನ್ನೊಂದು ಪತ್ತಲ, ತಂಗಿಯ ಇಪ್ಪತ್ತು ಫ್ರಾಕು-ಅಂಗಿ ಅದಾವ. ಎರಡೂ ಕೂಡಿಸಿ ಒಂದು ಕೌದಿ ಹೊಲಿಸಬೇಕು. ಎಷ್ಟು ಬಟ್ಟೆ ಬೇಕು? ಇಳಕಲ್ ಸೀರೆ ಕತ್ತರಿಸಬಹುದೇ? ಬಟ್ಟೆಯಲ್ಲಿ ಇನ್ನೂ ಅವರ ವಾಸನೆ ಇದೆ, ತೊಳೆಯಲು ಕೈ ಏಳುತ್ತಿಲ್ಲ.
— ಓದುಗರು, ಹುನಗುಂದ

ಉತ್ತರ: ವಾಸನೆಯಿಂದಲೇ ಶುರು ಮಾಡೋಣ. ಉಟ್ಟು ಬಿಚ್ಚಿಟ್ಟ ಅರಿವೆಯಲ್ಲಿ ಬೆವರು, ತಲೆ ಎಣ್ಣೆ ಇರುತ್ತವೆ. ವಾಸನೆ ಅವುಗಳದೇ, ಮುಂದೆ ಹಳದಿ ಕಲೆ ಬೀಳುವುದು, ನುಸಿ ಹತ್ತುವುದು ಕೂಡ ಅವುಗಳಿಂದಲೇ. ಎಲ್ಲವನ್ನೂ ತೊಳೆಯದೆ ಇಟ್ಟರೆ ಕೊನೆಗೆ ವಾಸನೆಯೂ ಇಲ್ಲ, ಬಟ್ಟೆಯೂ ಇಲ್ಲ. ಅವ್ವನ ಒಂದು ಹತ್ತಿ ಕುಪ್ಪಸ, ತಂಗಿಯ ಒಂದು ಅಂಗಿ ಮಾತ್ರ ಹಾಗೇ ಇಡಿ. ಚೂರೂ ತೇವ ಇಲ್ಲದಂತೆ ನೆರಳಲ್ಲಿ ಆರಿಸಿ, ಬಿಗಿ ಮುಚ್ಚಳದ ಎರಡು ಗಾಜಿನ ಬರಣಿಗಳಲ್ಲಿ ಬೇರೆ ಬೇರೆ ಹಾಕಿ ಕತ್ತಲಲ್ಲಿ ಇಡಿ. ತೆರೆದಷ್ಟೂ ಬೇಗ ಹೋಗುತ್ತದೆ. ಉಳಿದದ್ದನ್ನು ಧೈರ್ಯ ಮಾಡಿ ತೊಳೆಯಿರಿ.

ಆಮೇಲೆ ಕತ್ತರಿ ತಾಗಿಸಬಾರದ್ದನ್ನು ಎತ್ತಿಡಿ: ಮದುವೆ ಸೀರೆ, ಒಂದು ಒಳ್ಳೆಯ ಇಳಕಲ್, ತಂಗಿಗೆ ಇಷ್ಟವಾಗಿದ್ದ ಒಂದು ಫ್ರಾಕು. ಹೊಲಿಸುವ ಹುಮ್ಮಸ್ಸಿನಲ್ಲಿ ಎಲ್ಲ ಕತ್ತರಿಸಿ ಆಮೇಲೆ 'ಒಂದಾದರೂ ಇಡಬೇಕಿತ್ತು' ಎನ್ನುವ ಮನೆಗಳೇ ಹೆಚ್ಚು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ನೇಯುವಾಗ ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಸಾಲಿನ ಮೇಲೆ ಕತ್ತರಿ ಹಾಯಿಸಿದರೆ ಕೊಂಡಿ ಬಿಚ್ಚುತ್ತ ಹೋಗುತ್ತದೆ. ಹಳೆಯ ಇಳಕಲ್ ಬಳಸುವುದೇ ಆದರೆ ಸೆರಗಿನಿಂದ ನಾಲ್ಕು ಬೆರಳು ಈಚೆಗೆ ಕತ್ತರಿಸಿ ಮೈಯ ಹತ್ತಿ ಭಾಗವನ್ನಷ್ಟೇ ತೆಗೆದುಕೊಳ್ಳಿ. ಸೆರಗನ್ನು ಇಡಿಯಾಗಿ ತೆಳು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಡಾಂಬರು ಗುಳಿಗೆ ಜರಿಗೆ ತಾಗಬಾರದು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಈಗ ಲೆಕ್ಕ. ಆರು ಅಡಿ ಅಗಲ, ಏಳು ಅಡಿ ಉದ್ದದ ಕೌದಿ ಎಂದುಕೊಳ್ಳಿ. ಐದೂವರೆ ಮೀಟರಿನ ಸೀರೆ ಅಂದರೆ 18 ಅಡಿ ಉದ್ದ, ಸುಮಾರು 45 ಇಂಚು ಪನ್ನ (ಅಗಲ). ಏಳೂವರೆ ಅಡಿಯ ಎರಡು ತುಂಡು ಮಾಡಿ ಅಂಚಿಗೆ ಅಂಚು ಜೋಡಿಸಿದರೆ ಒಂದು ಪದರ ಆಗುತ್ತದೆ, ಮೂರಡಿ ಉಳಿಯುತ್ತದೆ. ಕೆಳಗೆ ಒಂದು ಪದರ, ನಡುವೆ ಎರಡು, ಹೀಗೆ ಮೂರು ಹತ್ತಿ ಸೀರೆ. ಮೇಲೆ ತುಂಡುಗಳ ಪದರ. ನಡುವೆ ಇನ್ನೆರಡು ಪದರ ಹಾಕಿಸುವ ಆಸೆ ಬೇಡ. ಬೆಚ್ಚಗಿರುತ್ತದೆ, ಆದರೆ ಸೂಜಿ ಇಳಿಯುವುದಿಲ್ಲ, ತೊಳೆದರೆ ಎತ್ತಲು ಇಬ್ಬರು ಬೇಕು.

ಮೇಲಿನ ತುಂಡು ಆರು ಇಂಚಿನ ಚೌಕವಾದರೆ ಅಡ್ಡಕ್ಕೆ 12, ಉದ್ದಕ್ಕೆ 14, ಒಟ್ಟು 168. ನಾಲ್ಕೂ ಕಡೆ ಅರ್ಧ ಇಂಚು ಮಡಚಲು ಬೇಕು, ಆದ್ದರಿಂದ ಏಳು ಇಂಚಿಗೆ ಕತ್ತರಿಸಿ. ಇಪ್ಪತ್ತು ಫ್ರಾಕುಗಳಲ್ಲಿ ಅರ್ಧದಷ್ಟೇ ಕೌದಿಗೆ ಬರುತ್ತವೆ ಎಂದು ಹಿಡಿಯಿರಿ. ಹತ್ತು ಫ್ರಾಕಿಗೆ ಆರಾರು ತುಂಡಿನಂತೆ ಅರವತ್ತು. ಉಳಿದ ನೂರಾ ಎಂಟು ಅವ್ವನ ಸೀರೆಗಳದು. (ನೂರಾ ಎಂಟು ನಾವು ಬೇಕೆಂದು ತಂದದ್ದಲ್ಲ, ಲೆಕ್ಕವೇ ಹಾಗೆ ಬಂತು.) ಒಂದೇ ಸೀರೆಯಲ್ಲಿ ಅಷ್ಟೂ ತುಂಡು ಸಿಗುತ್ತವೆ, ಆದರೂ ನಾಲ್ಕೈದು ಸೀರೆಗಳಿಂದ ತೆಗೆಯಿರಿ. ಒಂದೊಂದು ತುಂಡು ನೋಡಿ 'ಇದು ಸವದತ್ತಿ ಜಾತ್ರಿಗೆ ಉಟ್ಟಿದ್ದು' ಎನ್ನುವುದಕ್ಕೇ ಅಲ್ಲವೇ ಈ ಕೆಲಸ.

ಯಾವ ಬಟ್ಟೆ ಬೇಡ ಎಂಬುದು ಮುಖ್ಯ. ಜಾಳಿಗೆ ಬಟ್ಟೆಯ ಹುಟ್ಟುಹಬ್ಬದ ಫ್ರಾಕು ಹರಿಯುತ್ತದೆ. ಅದರ ಒಳಗಿನ ಅಸ್ತರ ಬಟ್ಟೆ ಬಳಸಿ. ನೈಲಾನ್, ಪಾಲಿಯೆಸ್ಟರ್ ತುಂಡು ಹತ್ತಿಯ ಜೊತೆ ಕುಗ್ಗುವುದಿಲ್ಲ, ಮೊದಲ ತೊಳೆತದಲ್ಲೇ ಸುತ್ತಲಿನ ಹತ್ತಿ ಕುಗ್ಗಿ ಅದು ಉಬ್ಬಿ ನಿಲ್ಲುತ್ತದೆ. ಟಿ-ಶರ್ಟಿನ ಬನಿಯನ್ ಬಟ್ಟೆ ಜಗ್ಗುತ್ತದೆ. ಬೇಕೇಬೇಕಾದರೆ ಹಿಂದೆ ಫ್ಯೂಜಿಂಗ್ (ಬಿಸಿಗೆ ಅಂಟಿಕೊಳ್ಳುವ ಅಸ್ತರ) ಇಟ್ಟು ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಚಮಕಿ, ಮಣಿ, ಜಿಪ್ ತೆಗೆಯಿರಿ. ಬಣ್ಣ ಪರೀಕ್ಷೆ ಬಿಡಬೇಡಿ: ತುಂಡನ್ನು ಒದ್ದೆ ಮಾಡಿ, ಎರಡು ಬಿಳಿ ಬಟ್ಟೆಯ ನಡುವೆ ಇಟ್ಟು, ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ಉಪ್ಪುನೀರು, ವಿನೆಗರ್ ಹಾಕಿದರೆ ನಿಲ್ಲುತ್ತದೆ ಎಂಬ ಮಾತು ಹಳೆಯ ಕೆಂಪು ಬಣ್ಣಕ್ಕೆ ನಡೆಯುವುದಿಲ್ಲ.

ಹೊಲಿಗೆಗೆ ಮೊದಲು ನಾಲ್ಕೂ ಪದರ ನೆಲಕ್ಕೆ ಹಾಸಿ, ಮೂಲೆಗಳಿಗೆ ಭಾರ ಇಟ್ಟು, ಕೈಯಿಂದ ನಡುವಿನಿಂದ ಅಂಚಿಗೆ ಸವರಿ. ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಕೆಳಗಿನ ಪದರ ಸರಿದು ಕೊನೆಗೆ ಬೆನ್ನಿನಲ್ಲಿ ಮಡಿಕೆ ಬೀಳುತ್ತದೆ, ಆಗ ಬಿಚ್ಚದೆ ಗತ್ಯಂತರವಿಲ್ಲ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತ ಒಳಗೆ ಬರುವುದು. ಸಾಲಿನಿಂದ ಸಾಲಿಗೆ ಅರ್ಧ ಇಂಚು ಹಿಡಿದರೆ ಸಾಲಿನ ಉದ್ದವೇ 300 ಮೀಟರ್ ದಾಟುತ್ತದೆ. ಎರಡೆಳೆ ದಾರ ಎಂದರೆ 700 ಮೀಟರ್ ತಂದಿಡಿ. ಒಂದು ಕೈ ಉದ್ದಕ್ಕಿಂತ ಹೆಚ್ಚು ದಾರ ಪೋಣಿಸಿದರೆ ನಡುವೆ ಜಬ್ಬಾಗಿ ಹರಿಯುತ್ತದೆ. ಬಿಗಿ ಎಳೆದರೆ ಕೌದಿ ಮುದುಡುತ್ತದೆ.

ಹೊಲಿಸಲು ಕೊಡುವುದಾದರೆ ಜೋಳದ ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮೊದಲು ಕೊಡಿ. ಹೊಲದ ಕೆಲಸ ಇಲ್ಲದ ಆ ಬ್ಯಾಸಗಿಯಲ್ಲೇ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಕೌದಿಗೆ ಕೂಡಲು ಪುರುಸೊತ್ತು. ತುಂಡು ಎಣಿಸಿ ಕೊಡಿ, ನಡುವೆ ಯಾವ ನಾಲ್ಕು ತುಂಡು ಬರಬೇಕು ಎಂದು ಹಾಸಿ ಫೋಟೊ ತೆಗೆದು ತೋರಿಸಿ. ಉಳಿದ ಚಿಂದಿ ಮರಳಿ ಬೇಕು ಎಂದು ಮೊದಲೇ ಹೇಳಿ. ಹೇಳದಿದ್ದರೆ ಅದು ಬೇರೆ ಕೌದಿಯ ಹೊಟ್ಟೆ ಸೇರುತ್ತದೆ, ಅದರಲ್ಲಿ ಹೊಲಿಯುವವರ ತಪ್ಪೇನೂ ಇಲ್ಲ. ತೊಳೆಯುವಾಗ ತಣ್ಣೀರು, ಬ್ರಷ್ ಬೇಡ, ಎರಡು ಹಗ್ಗದ ಮೇಲೆ ನೆರಳಲ್ಲಿ ಒಣಗಿಸಿ.

ಪ್ರಶ್ನೆ: ಅವ್ವ, ಅಕ್ಕ ಇಬ್ಬರನ್ನೂ ಕಳೆದುಕೊಂಡ ಐದು ವರ್ಷದ ಮೊಮ್ಮಗ ದಿನಾ ಕೇಳುತ್ತಾನೆ. 'ಊರಿಗೆ ಹೋಗ್ಯಾರ' ಎನ್ನುತ್ತೇವೆ. ಸರಿಯೇ?
— ಓದುಗರು, ಬೈಲಹೊಂಗಲ

ಉತ್ತರ: ಸರಿಯಲ್ಲ. ಊರಿಗೆ ಹೋದವರು ತಿರುಗಿ ಬರುತ್ತಾರೆ, ಆದ್ದರಿಂದಲೇ ಅವನು ದಿನಾ ಕೇಳುತ್ತಾನೆ. 'ಮಲಗ್ಯಾರ' ಎಂದರೆ ಮಲಗಲು ಹೆದರುತ್ತಾನೆ. 'ದೇವರು ಕರಕೊಂಡ' ಎಂದರೆ ಗುಡಿಗೆ ಬರಲು ಒಲ್ಲೆ ಎನ್ನಬಹುದು. ಐದು ವರ್ಷಕ್ಕೆ ತಿಳಿಯುವ ಮಾತಿನಲ್ಲಿ ಸತ್ಯ ಹೇಳಿ: ಸತ್ತುಹೋದರು, ಅವರ ಮೈ ಈಗ ಕೆಲಸ ಮಾಡುವುದಿಲ್ಲ, ಅವರಿಗೆ ನೋವಿಲ್ಲ, ಹಸಿವಿಲ್ಲ, ಅವರು ತಿರುಗಿ ಬರುವುದಿಲ್ಲ, ನೀನು ಮಾಡಿದ್ದರಿಂದ ಹೀಗೆ ಆಗಿಲ್ಲ. ಕೊನೆಯ ಮಾತನ್ನು ಅವನು ಕೇಳದಿದ್ದರೂ ಹೇಳಿ. ಜಗಳವಾಡಿದ್ದಕ್ಕೇ ಅಕ್ಕ ಹೋದಳು ಎಂದು ಆ ವಯಸ್ಸಿನ ಮಕ್ಕಳು ಅಂದುಕೊಂಡಿರುತ್ತಾರೆ. ಇವತ್ತು ಹೇಳಿದ್ದನ್ನು ನಾಳೆ ಮತ್ತೆ ಕೇಳುತ್ತಾನೆ, ಅದೇ ಶಬ್ದಗಳಲ್ಲಿ ಮತ್ತೆ ಹೇಳಿ. ಮನೆಯಲ್ಲಿ ಎಲ್ಲರೂ ಒಂದೇ ಉತ್ತರ ಕೊಡಬೇಕು.

ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವು, ಅಪ್ಪ ಹೊರಗೆ ಹೋದರೆ ಅಳುವುದು ಸ್ವಲ್ಪ ದಿನ ಇರುತ್ತದೆ. ವಾರಗಟ್ಟಲೆ ಉಣ್ಣದಿದ್ದರೆ, ಮಾತು ಬಿಟ್ಟರೆ, ಶಾಲೆಗೆ ಹೋಗಲೇ ಒಲ್ಲೆ ಎಂದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲೂ ಮಾತಾಡಬಹುದು. ಅದು ದೊಡ್ಡವರಿಗೂ ಹೌದು. ಮೇಲೆ ಹೇಳಿದ ಚಿಂದಿಯಲ್ಲಿ ಅವನಿಗೊಂದು ಸಣ್ಣ ತಲೆದಿಂಬು ಹೊಲಿಸಿ ಕೊಡಿ, ಹೊಲಸಾದರೆ ಆಗಲಿ.

ಪ್ರಶ್ನೆ: ಇಬ್ಬರ ಹೆಸರಿನಲ್ಲಿ ಊರ ಸರ್ಕಾರಿ ಶಾಲೆಯಲ್ಲಿ ಪ್ರತಿವರ್ಷ ಒಬ್ಬ ಹುಡುಗಿಗೆ ಬಹುಮಾನ ಇಡಬೇಕು. 50,000 ರೂಪಾಯಿ ಇದೆ.
— ಓದುಗರು, ಚಿಕ್ಕೋಡಿ

ಉತ್ತರ: ಬಡ್ಡಿ ನೂರಕ್ಕೆ 6 ಎಂದು ಹಿಡಿದರೆ ವರ್ಷಕ್ಕೆ 3,000. ಅಷ್ಟನ್ನೂ ಹಂಚಬೇಡಿ. 2,000 ಬಹುಮಾನಕ್ಕೆ, 1,000 ಅಸಲಿಗೆ ಸೇರಲಿ. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಆ ಬಹುಮಾನಕ್ಕೆ ಒಂದು ಜೊತೆ ಬೂಟೂ ಬರುವುದಿಲ್ಲ.

ದತ್ತಿ ಸಾಯುವುದು ಹಣದ ಕೊರತೆಯಿಂದ ಅಲ್ಲ, ಕಾಗದದ ಕೊರತೆಯಿಂದ. ಹೆಡ್‌ಮಾಸ್ತರರು ವರ್ಗವಾಗುತ್ತಾರೆ, ಠೇವಣಿ ರಸೀದಿ ಯಾವ ಕಪಾಟಿನಲ್ಲಿದೆ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ. ಮರಳಿ ಪಡೆಯಬಹುದು, ಆದರೆ ಓಡಾಡುವವರು ಯಾರು? ಆದ್ದರಿಂದ ಠೇವಣಿ ಯಾವುದೇ ವ್ಯಕ್ತಿಯ ಹೆಸರಿನಲ್ಲಿ ಬೇಡ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೆಸರಿನಲ್ಲಿ ಇರಲಿ. ಸಮಿತಿಯ ಠರಾವು ಪುಸ್ತಕದಲ್ಲಿ ಬರೆಸಿ, ಠರಾವಿನ ನಕಲು ಮತ್ತು ರಸೀದಿಯ ಝೆರಾಕ್ಸ್ ನಿಮ್ಮ ಮನೆಯಲ್ಲಿ ಇರಲಿ. ಪತ್ರದಲ್ಲಿ ಷರತ್ತು ಬಿಡಿಸಿ ಬರೆಯಿರಿ: ಯಾವ ತರಗತಿ, ಯಾವ ವಿಷಯ, ಇಬ್ಬರಿಗೆ ಸಮ ಅಂಕ ಬಂದರೆ ಏನು, ಶಾಲೆ ಇನ್ನೊಂದರಲ್ಲಿ ವಿಲೀನವಾದರೆ ಹಣ ಎಲ್ಲಿಗೆ. 'ಯೋಗ್ಯ ವಿದ್ಯಾರ್ಥಿನಿಗೆ' ಎಂದಷ್ಟೇ ಬರೆದರೆ ಮೂರನೇ ವರ್ಷಕ್ಕೆ ಜಗಳ. ಕೊಡುವ ದಿನ ಆಗಸ್ಟ್ 15 ಆದರೆ ಮರೆಯುವುದಿಲ್ಲ.

ಪ್ರಶ್ನೆ: ಇಬ್ಬರ ಹೆಸರಿನಲ್ಲಿ ಎರಡು ಗಿಡ ಹಚ್ಚಬೇಕು. ಯಾವುದು ಬಾಳುತ್ತದೆ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ಬೇವು, ಬನ್ನಿ, ಹುಣಸೆ, ಹೊಂಗೆ ಈ ಭಾಗಕ್ಕೆ ಒಗ್ಗಿದವು. ಎರಡಡಿ ಚೌಕ, ಎರಡಡಿ ಆಳದ ಗುಣಿ ಬ್ಯಾಸಗಿಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಎರಡು ಹದ ಮಳೆಯಾದ ಮೇಲೆ ಹಚ್ಚಿ. ಮರದಿಂದ ಮರಕ್ಕೆ 25 ಅಡಿ. ಮೊದಲ ಎರಡು ಬ್ಯಾಸಗಿ ವಾರಕ್ಕೆರಡು ಸಲ ಒಂದೊಂದು ಕೊಡ ನೀರು, ಆಡು ತಿನ್ನದಂತೆ ಮುಳ್ಳುಬೇಲಿ. ಎರಡೇ ಹಚ್ಚಬೇಡಿ, ಐದು ಹಚ್ಚಿ; ಇದು ಅವ್ವನ ಗಿಡ, ಇದು ಮಗಳ ಗಿಡ ಎಂದು ಹೆಸರಿಡಲೂ ಬೇಡಿ. ಸಸಿಗಳಲ್ಲಿ ಒಂದೆರಡು ಒಣಗಿಯೇ ಒಣಗುತ್ತವೆ, ಹೆಸರಿಟ್ಟದ್ದು ಒಣಗಿದರೆ ಮನೆಯಲ್ಲಿ ಮತ್ತೊಮ್ಮೆ ಅಳು.

ಪ್ರಶ್ನೆ: ತಾಯಿ, ಮಗಳು ಇಬ್ಬರನ್ನೂ ನಮ್ಮ ಎರಿ ಹೊಲದಲ್ಲಿ ಅಕ್ಕಪಕ್ಕ ಮಣ್ಣು ಮಾಡಿದ್ದೇವೆ. ವರ್ಷದ ಪುಣ್ಯಸ್ಮರಣೆಗೆ ಗದ್ದುಗೆ ಕಟ್ಟಿ ಕಲ್ಲು ನಿಲ್ಲಿಸಬೇಕು. ಪಕ್ಕದ ಹೊಲದವರ ಗದ್ದುಗೆ ಎರಡೇ ವರ್ಷಕ್ಕೆ ಸೀಳಿದೆ. ನಮ್ಮದು ಉಳಿಯಬೇಕಾದರೆ?
— ಓದುಗರು, ಸಿಂದಗಿ

ಉತ್ತರ: ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಕಟ್ಟಿದ್ದು ಅದರ ಜೊತೆ ಏರಿಳಿದು ಸೀಳುತ್ತದೆ. ಅದರ ಮೇಲೆ, ಹೂತ ಜಾಗದ ಸಡಿಲ ಮಣ್ಣು ತಾನೂ ಕುಸಿಯುತ್ತದೆ. ಆದ್ದರಿಂದ ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಳೆಯಬೇಕು. ವರ್ಷದ ದಿನ ಮಳೆಗಾಲಕ್ಕೆ ಮೊದಲೇ ಬಂದರೆ ಅಂದು ಪೂಜೆ ಮಾಡಿ, ಕಟ್ಟುವುದನ್ನು ಮುಂದಿನ ಚಳಿಗಾಲಕ್ಕೆ ಬಿಡಿ. ಕುಸಿದಷ್ಟೂ ಮಣ್ಣು ತುಂಬುತ್ತಿರಿ.

ಪಾಯವನ್ನು ಹೂತ ಜಾಗದ ಮೇಲೆ ಹಾಕಬೇಡಿ, ಎರಡನ್ನೂ ಬಳಸಿ ಹೊರಸುತ್ತಿನಲ್ಲಿ ಗಟ್ಟಿ ನೆಲದಲ್ಲಿ ತೆಗೆಯಿರಿ. ಗರಸು (ಗಟ್ಟಿ ಮೊರಂ ಮಣ್ಣು) ಸಿಗುವ ತನಕ ಅಗೆಯಿರಿ. ನಾಲ್ಕಡಿಯಾದರೂ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ, ತೆಗೆದ ಎರಿ ಮಣ್ಣು ಮರಳಿ ಹಾಕದೆ ಗರಸು ತಂದು ಅರ್ಧರ್ಧ ಅಡಿಗೆ ನೀರು ಹೊಡೆದು ಕುಟ್ಟಿ. ಮೇಲೆ ನಾಲ್ಕು ಸರಳಿನ ಕಾಂಕ್ರೀಟ್ ಪಟ್ಟಿ. ಗದ್ದುಗೆಯ ಸುತ್ತ ಎರಡಡಿ ಇಳಿಜಾರು ಫರಸಿ ಹಾಕಿದರೆ ಮಳೆನೀರು ಪಾಯಕ್ಕೆ ಇಳಿಯುವುದಿಲ್ಲ. ಪಕ್ಕದವರದ್ದು ಸೀಳಿದ್ದು ಬಹುಶಃ ಇಲ್ಲೇ: ಮೇಲೆ ಟೈಲ್ಸು ಚೆಂದ, ಕೆಳಗೆ ಒಂದಡಿ ಪಾಯ. ಗದ್ದುಗೆಗೂ ಹೆಸರಿನ ಕಲ್ಲಿಗೂ ನಡುವೆ ಸಿಮೆಂಟ್ ಬೇಡ. ಕಲ್ಲಿಗೆ ಬೇರೆ ಪಾಯ ಇದ್ದರೆ ಒಂದು ಅಲುಗಿದರೂ ಇನ್ನೊಂದು ಉಳಿಯುತ್ತದೆ.

ಕಲ್ಲು ಗ್ರಾನೈಟೇ ಒಳ್ಳೆಯದು. ಎರಡಡಿ ಅಗಲ, ಮೂರಡಿ ಎತ್ತರ, ಎರಡು ಇಂಚು ದಪ್ಪದ ಹಲಗೆ 75 ಕೆಜಿ ಮೇಲೆ ತೂಗುತ್ತದೆ, ನಾಲ್ಕು ಜನ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿ, ಆದರೆ ಮೈತುಂಬ ಚುಕ್ಕಿ ಇರುವುದರಿಂದ ಬಣ್ಣ ತುಂಬದ ಅಕ್ಷರ ಕಾಣುವುದಿಲ್ಲ. ಹೆಸರಿಗೆ ಕಪ್ಪು, ಸುತ್ತಲಿನ ಕಟ್ಟೆಗೆ ಕೆಂಪು ಬಳಸಿ. ಬಾದಾಮಿ ಕಡೆಯ ಮರಳುಗಲ್ಲು ಕೆತ್ತಲು ಸುಲಭ, ಚೆಂದವೂ ಹೌದು. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇವತ್ತಿಗೂ ಇದೆಯಲ್ಲ ಎನ್ನಬಹುದು. ಅದು ಬಂಡೆಯ ಮೈ, ಮೇಲೆ ಮಾಡು ಇದೆ. ಎರಡು ಇಂಚಿನ ಮರಳುಗಲ್ಲನ್ನು ಹೊಲದಲ್ಲಿ ನೆಟ್ಟರೆ ಕೆಳಗಿನಿಂದ ತೇವ, ಉಪ್ಪು ಏರಿ ಮುಖ ಹಪ್ಪಳದಂತೆ ಏಳುತ್ತದೆ.

ಇಬ್ಬರಿಗೆ ಒಂದೇ ಕಲ್ಲು ಸಾಕೇ ಎಂದೂ ಕೇಳಿದ್ದೀರಿ. ಧಾರಾಳ ಸಾಕು. ವಿಜಯಪುರದ ಇಬ್ರಾಹಿಂ ರೌಜಾದ ಒಳಕೋಣೆಯಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಜೊತೆ ಅವನ ತಾಯಿ, ಬೇಗಂ ತಾಜ್ ಸುಲ್ತಾನಾ, ಮಗಳು ಜೋಹ್ರಾ ಸುಲ್ತಾನಾ ಎಲ್ಲರೂ ಒಂದೇ ಸಾಲಿನ ಗೋರಿಗಳಲ್ಲಿದ್ದಾರೆ. ಅರಸರಿಗೇ ಒಂದು ಕೋಣೆ ಸಾಕಾಗಿದೆ.

ಅಕ್ಷರದ ಲೆಕ್ಕ ಹೀಗೆ. ಎರಡಡಿ ಅಗಲದಲ್ಲಿ ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟರೆ 20 ಇಂಚು ಉಳಿಯುತ್ತದೆ. ಹೆಸರಿನ ಅಕ್ಷರ ಒಂದೂವರೆ ಇಂಚು ಎತ್ತರ ಇರಬೇಕು. ಕನ್ನಡ ಅಕ್ಷರ ಎತ್ತರದಷ್ಟೇ ಅಗಲ ತಿನ್ನುತ್ತದೆ, ಸಾಲಿಗೆ 12ರಿಂದ 13 ಅಕ್ಷರ. ಅದಕ್ಕಿಂತ ಉದ್ದದ ಹೆಸರನ್ನು ಎರಡು ಸಾಲು ಮಾಡಿ, ಅಕ್ಷರ ಸಣ್ಣ ಮಾಡಬೇಡಿ. ಸಣ್ಣದಾದರೆ ಒತ್ತಕ್ಷರಗಳ ಒಳಗಿಂಡಿ ಮುಚ್ಚಿಹೋಗುತ್ತದೆ. 'ಲಿಂಗೈಕ್ಯ'ದ 'ಕ್ಯ' ಮೊದಲು ಹೋಗುವುದು. ಸಾಲುಗಳ ನಡುವೆ ಒತ್ತು ಇಳಿಯಲು ಜಾಗ ಬಿಡಿಸಿ. ಆಳ ಮೂರು ಮಿಲಿಮೀಟರಿಗೆ ಕಡಿಮೆ ಬೇಡ. ಬಂಗಾರ ಬಣ್ಣ ನಮ್ಮ ಬಿಸಿಲಿಗೆ ಬೇಗ ಸುಟ್ಟುಹೋಗುತ್ತದೆ, ಬಿಳಿ ಎನಾಮಲ್ ಮನೆಯಲ್ಲೇ ಮತ್ತೆ ತುಂಬಬಹುದು.

ಕೆತ್ತುವ ಮೊದಲು ನಿಜ ಅಳತೆಯ ಕಾಗದದ ಪ್ರತಿ ಕೇಳಿ. ಮನೆಯಲ್ಲಿ ಓದು ಬರುವ ಇಬ್ಬರು, ಒಬ್ಬರು ಮರಣ ಪ್ರಮಾಣಪತ್ರ ಹಿಡಿದು, ಒಬ್ಬರು ಕಾಗದ ಹಿಡಿದು, ಅಕ್ಷರ ಅಕ್ಷರ ಗಟ್ಟಿಯಾಗಿ ಓದಬೇಕು. ಲ-ಳ, ದ-ಧ, ಹುಟ್ಟಿದ ವರ್ಷ, ಈ ಮೂರರಲ್ಲೇ ತಪ್ಪು ಬೀಳುವುದು. ಗ್ರಾನೈಟಿನಲ್ಲಿ ತಿದ್ದಲು ಬರುವುದಿಲ್ಲ, ಹಲಗೆಯನ್ನೇ ಬದಲಿಸಬೇಕು. ಸರಿ ಇದ್ದರೆ ಕಾಗದದ ಮೇಲೆ ನಿಮ್ಮ ಸಹಿ, ಕೆತ್ತುವವರ ಸಹಿ. ಕಲ್ಲು ಗಾಡಿಯಿಂದ ಇಳಿಸಿಕೊಳ್ಳುವ ಮೊದಲು ಒಂದು ತಂಬಿಗೆ ನೀರು ಮುಖದ ಮೇಲೆ ಸುರಿಯಿರಿ. ಕೂದಲೆಳೆಯ ಬಿರುಕು ಇದ್ದರೆ ಕಲ್ಲು ಆರುವಾಗ ಆ ಗೆರೆಯಷ್ಟೇ ಒದ್ದೆಯಾಗಿ ಉಳಿದು ಕಾಣುತ್ತದೆ. ಹಾಗೆ ಕಂಡರೆ ಇಳಿಸಿಕೊಳ್ಳದೆ ಮರಳಿ ಕಳಿಸಿ.